ಭಾವನವರ ಆಫ್ರಿಕಾ

ಮುಂಬೈನ ಗೋರೆಗಾಂವ್‌ನ ನಮ್ಮ ಭಾವನವರು ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿನಲ್ಲಿ ಸ್ವತಃ ಕಾರು ಓಡಿಸುವ ಯೋಜನೆ ಹಾಕಿದ್ದಾರೆ. ಹೆಚ್ಚುಕಡಿಮೆ 20,000 ಚದರ ಕಿಲೋಮೀಟರ್ ಕಾಡು. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ಮಿತಿ. ‘ಐವತ್ತೇ?’ ಎಂದು ಮೂಗು ಮುರಿದರು. ಸಂಜೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಇಪ್ಪತ್ತು ಮುಟ್ಟಿದರೆ ಗಣಪತಿಗೆ ಕಾಯಿ ಒಡೆಯುವವರು!

ದಾರಿಯಲ್ಲಿ ಕಂಡಕಂಡಲ್ಲಿ ಕಾರಿನಿಂದ ಇಳಿಯುವಂತಿಲ್ಲ ಎಂದಾಗ ಅಕ್ಕನಿಗೆ ಒಂದೇ ಚಿಂತೆ: ‘ಹಂಗಾದ್ರೆ ಚಿತ್ರಾನ್ನದ ಡಬ್ಬಿ ಎಲ್ಲಿ ಬಿಚ್ಚೋದು?’

ಚಿರತೆ ನೋಡಲು ಇಷ್ಟು ಖರ್ಚೇ? ಬೊರಿವಲಿಯ ಸಂಜಯ್ ಗಾಂಧಿ ಉದ್ಯಾನ ಬರೀ ನೂರು ಚದರ ಕಿಲೋಮೀಟರ್ ಚಿಲ್ಲರೆ. ಅಲ್ಲಿಯ ಚಿರತೆಗಳು ಪಕ್ಕದ ಆರೆ ಕಾಲೊನಿಗೆ ವೀಸಾ ಇಲ್ಲದೆ ತಾವೇ ನೈಟ್ ಸಫಾರಿ ಬರುತ್ತವೆ, ನಮ್ಮನ್ನು ನೋಡಲು. ಬಿಲ್ಡಿಂಗ್‌ನ ವಾಚ್‌ಮನ್ ನೋಡಿದ್ದಾನಂತೆ. ಭಾವನವರು ನೋಡಿಲ್ಲ. ಒಂಬತ್ತಕ್ಕೇ ಗೊರಕೆ.