ಕನ್ನಡಿ ಮತ್ತು ಕಣ್ಣಡಿ

ಅಮ್ಮನ ಎಡಗಣ್ಣಿನ ಪೊರೆ ತೆಗೆಸಿ, ಮಾರನೆಯ ದಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಕರೆತಂದೆವು. ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಅವಳು ಮೊದಲು ನೋಡಿದ್ದು ಗೋಡೆಯನ್ನು. "ಸುಣ್ಣ ಯಾವಾಗ ಬಳಿಸಿದ್ರಿ?" ಎಂದಳು. ಬಳಿಸಿ ಆರು ವರ್ಷವಾಗಿತ್ತು. ಆಮೇಲೆ ಅಳಿಯನ ಪಂಚೆ ನೋಡಿ, ಇಷ್ಟು ಬೆಳ್ಳಗೆ ಒಗೆಯುವುದು ಯಾವ ಸೋಪು ಎಂದು ವಿಚಾರಿಸಿದಳು. ಕೊನೆಗೆ ನನ್ನ ಕಡೆ ತಿರುಗಿದಳು. ಒಂದು ನಿಮಿಷ ಸುಮ್ಮನಿದ್ದಳು. "ಇದೇನೇ, ಕಣ್ಣಡಿಗೆ ಮಸಿ ಬಳ್ಕೊಂಡಿದೀಯ?"

ವಯಸ್ಸಾದಂತೆ ಕಣ್ಣೊಳಗಿನ ಮಸೂರ ಹಳೇ ಪತ್ರಿಕೆಯ ಹಾಗೆ ಹಳದಿಯಾಗುತ್ತದಂತೆ. ಪೊರೆ ಬೆಳೆದವರು ಲೋಕವನ್ನೆಲ್ಲ ಅರಿಸಿನದ ನೀರಿನೊಳಗಿಂದ ನೋಡುತ್ತಿರುತ್ತಾರೆ. ಹೊಸ ಲೆನ್ಸ್ ಕೂರಿಸಿದ ಮೇಲೆ ಬಿಳಿ ಬಿಳಿಯಾಗಿ, ಕಪ್ಪು ಕಪ್ಪಾಗಿ ಕಾಣುತ್ತದೆ. ಈ ಕಪ್ಪಿನ ಪಟ್ಟಿಯಲ್ಲಿ ನಾನೂ ಇದ್ದೇನೆ ಎಂದು ಡಾಕ್ಟರು ಮುಂಚೆ ಹೇಳಿರಲಿಲ್ಲ. ಸಕ್ಕರೆ ಏರಿದ್ದರಿಂದ ಬಲಗಣ್ಣಿನ ಆಪರೇಷನ್ ಮುಂದಕ್ಕೆ ಹೋಗಿತ್ತು. ಹೀಗಾಗಿ ಅಮ್ಮನ ಬಳಿ ಈಗ ಒಂದು ಹೊಸ ಕಣ್ಣು, ಒಂದು ಹಳೇ ಕಣ್ಣು. ಒಂದೊಂದನ್ನೇ ಅಂಗೈಯಲ್ಲಿ ಮುಚ್ಚಿ ನನ್ನನ್ನು ಪರೀಕ್ಷಿಸಿದಳು. "ಈ ಬಲಗಣ್ಣಲ್ಲಿ ನೋಡಿದ್ರೆ ಲಕ್ಷಣವಾಗೇ ಇದೀಯ. ಎಡಗಣ್ಣಲ್ಲಿ ಮಾತ್ರ ಯಾಕೋ..." ಎಂದು ವಾಕ್ಯವನ್ನು ಅರ್ಧಕ್ಕೇ ಬಿಟ್ಟಳು.

ಆ ರಾತ್ರಿ ಬಚ್ಚಲಮನೆಯ ಕನ್ನಡಿಯೆದುರು ಬಹಳ ಹೊತ್ತು ನಿಂತಿದ್ದೆ. ನಲವತ್ತೊಂಬತ್ತು ವರ್ಷ ಕನ್ನಡಿ ನೋಡಿದವಳು ಕಣ್ಣಡಿ ನೋಡಿದ್ದು ಅದೇ ಮೊದಲು.

ವಿಷಯ ಮಗಳ ಕಿವಿಗೆ ಬಿತ್ತು. ಬೆಂಗಳೂರಿನಲ್ಲಿ ಓದುತ್ತಿರುವ ಅವಳ ಮುಖಕ್ಕೊಂದು ದಿನಚರಿಯಿದೆ. ಕ್ಲೆನ್ಸರ್, ಟೋನರ್, ಸೀರಮ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ನನ್ನ ಅಜ್ಜಿಯ ಮಡಿಗೆ ಇದ್ದಷ್ಟೇ ಕಟ್ಟುನಿಟ್ಟು ಇದಕ್ಕೂ. ಹಿಂದುಮುಂದಾದರೆ ಮೊದಲಿನಿಂದ ಶುರುಮಾಡಬೇಕು. ನನ್ನ ದಿನಚರಿ ಸೋಪು, ಹಬ್ಬಹರಿದಿನಗಳಲ್ಲಿ ಕಡಲೆಹಿಟ್ಟು. ಮೂರು ವರ್ಷದಿಂದ ಅವಳ ಕಾಟಕ್ಕೆ ಒಂದು ಮಾಯಿಶ್ಚರೈಸರೂ ಸೇರಿಕೊಂಡಿದೆ. "ಅದು ಮುಖಕ್ಕೆ ಅಮ್ಮಾ, ಕಣ್ಣಿಗೆ ಬೇರೆ ಬರುತ್ತೆ" ಎಂದಳು. ನಾಲ್ಕನೇ ದಿನಕ್ಕೆ ಕೊರಿಯರ್ ಬಂತು. ತೆಂಗಿನಕಾಯಿ ಹಿಡಿಸುವಷ್ಟು ದೊಡ್ಡ ಡಬ್ಬ, ಅದರೊಳಗೆ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ಕು, ಅದರೊಳಗೆ ಇನ್ನೊಂದು ಡಬ್ಬಿ, ಅದರೊಳಗೆ ನನ್ನ ಕಿರುಬೆರಳಿನಷ್ಟು ಟ್ಯೂಬು. 15 ಎಂಎಲ್, 900 ರೂಪಾಯಿ.

ಯಜಮಾನರು ಸಹಕಾರಿ ಬ್ಯಾಂಕಿನವರು. ಬೆಲೆ ಕೇಳಿದ್ದೇ ಕಣ್ಣು ಮುಚ್ಚಿದರು. ಧ್ಯಾನವೇನಲ್ಲ, ಮನಸ್ಸಿನಲ್ಲೇ ಭಾಗಾಕಾರ. "ಎಂಎಲ್ಲಿಗೆ 60. ಲೀಟರಿಗೆ 60,000. ಹೆಚ್ಚೂಕಮ್ಮಿ ಒಂದು ಕ್ವಿಂಟಲ್ ರಾಶಿ ಅಡಿಕೆಯ ಧಾರಣೆ" ಎಂದರು. ನಾವು ತೀರ್ಥಹಳ್ಳಿ ಕಡೆಯವರು. ನಮ್ಮಲ್ಲಿ ಮದುವೆಯ ಖರ್ಚಿನಿಂದ ಹಿಡಿದು ಮೊಣಕಾಲಿನ ಆಪರೇಷನ್‌ವರೆಗೆ ಎಲ್ಲವನ್ನೂ ಕೊನೆಗೆ ಅಡಿಕೆಗೇ ತಂದು ತೂಗುತ್ತೇವೆ. ಅಷ್ಟೂ ದಿನ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಖರ್ಚೇ ದೊಡ್ಡದೆಂದು ಗೊಣಗುತ್ತಿದ್ದ ಮನುಷ್ಯ ಆಮೇಲೆ ಆ ಬಗ್ಗೆ ಮಾತೆತ್ತಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಮ್ಮ. ಏನು ಕೈಗೆ ಕೊಟ್ಟರೂ ಮೊದಲು ಓದುತ್ತೇನೆ, ತಪ್ಪು ಸಿಕ್ಕರೆ ಕೆಂಪು ಗೀರು ಎಳೆಯುತ್ತೇನೆ. ಡಬ್ಬಿಯ ಮೇಲಿನ ಇಂಗ್ಲಿಷನ್ನು ಕನ್ನಡಕ್ಕೆ ತಂದುಕೊಂಡಾಗ ಒಂದು ಸೊಗಸು ಕಂಡಿತು. ಸುಕ್ಕು ಕಡಿಮೆಯಾಗುತ್ತದೆ ಎಂದು ಎಲ್ಲಿಯೂ ಇಲ್ಲ. ಸುಕ್ಕು ಕಡಿಮೆಯಾದಂತೆ ಕಾಣುತ್ತದೆ ಎಂದಿದೆ. ಕಪ್ಪು ಹೋಗುತ್ತದೆ ಎಂದಿಲ್ಲ, ಹೋದಂತೆ ತೋರುತ್ತದೆ ಎಂದಿದೆ. ಅಂತೆ, ಹಾಗೆ, ವೋಲ್: ಇವು ಉಪಮಾವಾಚಕಗಳು ಎಂದು ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಉರುಹೊಡೆಸಿದ್ದೇನೆ. ಇಡೀ ಡಬ್ಬಿ ಉಪಮಾಲಂಕಾರದಲ್ಲಿತ್ತು.

ಇದು ಬರೆದವರ ಕವಿತ್ವವಲ್ಲ, ಕಾನೂನಿನ ಭಯ. ನಮ್ಮ ದೇಶದಲ್ಲಿ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಿದೆ. ಶುಚಿ ಮಾಡುವ, ಚಂದಗಾಣಿಸುವ, ತೋರಿಕೆಯನ್ನು ಬದಲಿಸುವ ಪದಾರ್ಥ ಸೌಂದರ್ಯವರ್ಧಕ. ದೇಹದ ರಚನೆಯನ್ನೋ ಅದು ಕೆಲಸ ಮಾಡುವ ರೀತಿಯನ್ನೋ ಬದಲಿಸುತ್ತೇನೆ ಎಂದು ಹೊರಟರೆ ಅದು ಔಷಧದ ಲೆಕ್ಕಕ್ಕೆ ಹೋಗುತ್ತದೆ. ಅದರ ಕಟ್ಟಳೆಗಳೇ ಬೇರೆ. ಆದ್ದರಿಂದ ಕ್ರೀಮು ಮಾಡುವವರು "ಅಂತೆ"ಯನ್ನು ಬಿಟ್ಟು ಒಂದು ಹೆಜ್ಜೆಯೂ ಇಡುವುದಿಲ್ಲ. ಕನ್ನಡದಲ್ಲಿ ಇನ್ನೊಂದು "ಅಂತೆ" ಇದೆಯಲ್ಲ, ಪಕ್ಕದ ಮನೆಯವರು ಹೇಳಿದ್ದನ್ನು ದಾಟಿಸುವಾಗ ಬಳಸುವಂಥದ್ದು? ಮಗಳು ಆಡುವುದೆಲ್ಲ ಆ ಅಂತೆ. ಒಳ್ಳೇದಂತೆ, ಎಲ್ಲರೂ ಹಚ್ತಾರಂತೆ, ಇಪ್ಪತ್ತೈದಕ್ಕೇ ಶುರುಮಾಡಬೇಕಂತೆ.

ಹಿಂಬದಿಯಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಒಳಗಿನ ಸಾಮಾನಿನ ಪಟ್ಟಿ ಇತ್ತು. ಕಣ್ಣಿನ ಕ್ರೀಮಿನ ಪಟ್ಟಿಯನ್ನು ಭೂತಗನ್ನಡಿ ಹಿಡಿದು ಓದಬೇಕಾಗಿ ಬಂದದ್ದು ನನಗೆ ಸರಿ ಕಾಣಲಿಲ್ಲ. ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಆಮೇಲೆ. ಶೇಕಡಾ 1ಕ್ಕಿಂತ ಕಮ್ಮಿಯಿರುವವು ಹೇಗೆ ಬೇಕಾದರೂ ಕೂರಬಹುದು ಎನ್ನುವುದು ಪಟ್ಟಿಯ ನಿಯಮ. ಮೊದಲ ಸ್ಥಾನ ನೀರಿಗೆ. ಎರಡನೆಯದು ಗ್ಲಿಸರಿನ್. ನನ್ನ ಹಳೇ ಮಾಯಿಶ್ಚರೈಸರಿನ ಬಾಟಲಿಯನ್ನು ತಂದು ಪಕ್ಕದಲ್ಲಿಟ್ಟು ತಾಳೆ ನೋಡಿದೆ. ಅಲ್ಲೂ ನೀರು, ಗ್ಲಿಸರಿನ್. ನಯಾಸಿನಮೈಡ್ ಇಬ್ಬರಲ್ಲೂ ಇತ್ತು. ಪರೀಕ್ಷೆಯಲ್ಲಿ ಅಕ್ಕಪಕ್ಕ ಕೂತ ಹುಡುಗರ ಉತ್ತರಪತ್ರಿಕೆ ನೆನಪಾಯಿತು. ಇಲ್ಲಿ ಹೆಚ್ಚಿಗೆ ಇದ್ದದ್ದು ಎರಡು: ಕೆಫೀನ್, ಹಯಲುರಾನಿಕ್ ಆಸಿಡ್.

ಕೆಫೀನ್ ರಕ್ತನಾಳಗಳನ್ನು ಸ್ವಲ್ಪ ಹೊತ್ತು ಕುಗ್ಗಿಸುತ್ತದೆ, ಬೆಳಗಿನ ಊತ ಒಂದಿಷ್ಟು ಇಳಿದಂತೆ ಕಾಣುತ್ತದೆ. (ನೋಡಿ, ನನಗೂ ಅಂತೆ ಅಂಟಿಕೊಂಡಿತು.) ದಿನಕ್ಕೆ ಮೂರು ಲೋಟ ಫಿಲ್ಟರ್ ಕಾಫಿ ಕುಡಿಯುವ ನನಗೆ ಅದನ್ನು ಹೊರಗಿನಿಂದಲೂ ಹಚ್ಚುವುದು ಕೊಪ್ಪದವರಿಗೆ ಮಳೆ ಮಾರಿದಂತೆ.

ಹಯಲುರಾನಿಕ್ ಆಸಿಡ್ಡಿನ ಕಥೆ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬಿಬ್ಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇದನ್ನು ಮೊದಲು ಬೇರ್ಪಡಿಸಿದರು. ಎಲ್ಲಿಂದ? ದನದ ಕಣ್ಣುಗುಡ್ಡೆಯೊಳಗಿನ ಲೋಳೆಯಿಂದ. ಗಾಜಿನಂತೆ ತಿಳಿಯಾಗಿದ್ದ ಆ ಲೋಳೆಯ ಗ್ರೀಕ್ ಹೆಸರೇ ಇದಕ್ಕೂ ಬಂತು. ಕಣ್ಣಿನಿಂದ ಹೊರಟ ಪದಾರ್ಥ ಜಗತ್ತೆಲ್ಲ ಸುತ್ತಿ ನನ್ನ ಕಣ್ಣಡಿಗೆ ವಾಪಸು ಬಂದಿತ್ತು. ಇದನ್ನು ಅಮ್ಮನಿಗೆ ಹೇಳುವ ಧೈರ್ಯವಾಗಲಿಲ್ಲ. ಈಗೆಲ್ಲ ಹೆಚ್ಚಾಗಿ ಬ್ಯಾಕ್ಟೀರಿಯಾಗಳಿಂದ ಹುದುಗು ಬರಿಸಿ ತಯಾರಿಸುತ್ತಾರೆ, ಹೆಚ್ಚುಕಡಿಮೆ ಇಡ್ಲಿ ಹಿಟ್ಟಿನ ವಿದ್ಯೆ ಎಂದು ಸಮಾಧಾನ ಮಾಡಬಹುದಿತ್ತು. ಆದರೆ ಪೊರೆಯ ಆಪರೇಷನ್ನಿನಲ್ಲಿ ಕಣ್ಣೊಳಗೆ ತುಂಬುವ ಲೋಳೆಯಾಗಿಯೂ ಇದನ್ನು ಬಳಸುವುದುಂಟು. ಅಮ್ಮನ ಕಣ್ಣೊಳಗೂ ಹೊಕ್ಕು ಬಂದಿರಬಹುದಾದ ಸಂಗತಿಯನ್ನು ಏಕಾದಶಿಯ ದಿನ ಎತ್ತುವುದು ಬೇಡವೆನಿಸಿತು.

ಯಾವುದಕ್ಕೂ ಇರಲಿ ಎಂದು ಶಿವಮೊಗ್ಗದ ಒಬ್ಬ ಚರ್ಮದ ಡಾಕ್ಟರ ಬಳಿ ಹೋದೆ. ಅವರು ದೀಪದ ಕೆಳಗೆ ಕೂರಿಸಿ, ಗಲ್ಲ ಎತ್ತಿ, ಇಳಿಸಿ, ಕಣ್ಣಡಿಯ ಚರ್ಮವನ್ನು ಮೆಲ್ಲಗೆ ಎಳೆದು ನೋಡಿದರು. ಆ ಚರ್ಮ ಮೈಯಲ್ಲೆಲ್ಲ ಅತಿ ತೆಳುವಂತೆ, ಅರ್ಧ ಮಿಲಿಮೀಟರಿನ ಆಸುಪಾಸು. ಕೆಲವರಿಗೆ ಅಲ್ಲಿ ಬಣ್ಣವೇ ಹೆಚ್ಚು, ಕೆಲವರಿಗೆ ಒಳಗಿನ ರಕ್ತನಾಳ ನೀಲಿಯಾಗಿ ಕಾಣುವುದು, ಕೆಲವರು ಅಲರ್ಜಿಯ ತುರಿಕೆಗೆ ಉಜ್ಜಿ ಉಜ್ಜಿ ಕಪ್ಪು ಮಾಡಿಕೊಂಡದ್ದು. "ನಿಮ್ಮದು ಕಪ್ಪಲ್ಲ ಮೇಡಂ, ನೆರಳು" ಎಂದರು. ಕಣ್ಣುಗುಡ್ಡೆಯ ಸುತ್ತ ಮೆತ್ತೆಯ ಹಾಗೆ ಕೊಬ್ಬಿರುತ್ತದೆ. ವಯಸ್ಸಾದಂತೆ ಅದನ್ನು ಹಿಡಿದಿಟ್ಟ ಪರದೆ ಸಡಿಲಾಗಿ ಮೆತ್ತೆ ಮುಂದಕ್ಕೆ ಬಾಗುತ್ತದೆ, ಅದರ ಕೆಳಗೊಂದು ತಗ್ಗು. ಮೇಲಿನಿಂದ ಬೆಳಕು ಬಿದ್ದರೆ ತಗ್ಗಿನಲ್ಲಿ ನೆರಳು. ಆ ತಗ್ಗಿಗೆ ಟಿಯರ್ ಟ್ರಫ್ ಎಂದು ಹೆಸರು. ಟ್ರಫ್ ಎಂದರೆ ನಮ್ಮ ಕೊಟ್ಟಿಗೆಯಲ್ಲಿ ದನಕ್ಕೆ ಅಕ್ಕಚ್ಚು ಹಾಕುವ ಬಾನಿ. ಕಣ್ಣೀರಿನ ಬಾನಿ! ಇಂಗ್ಲಿಷಿನ ವೈದ್ಯರಲ್ಲೂ ಒಬ್ಬ ಹಳ್ಳಿಯವನಿದ್ದಿರಬೇಕು.

"ಹಾಗಾದರೆ ಕ್ರೀಮು?"

"ನೆರಳಿಗೆ ಕ್ರೀಮು ಹಚ್ಚಿದರೆ ನೆರಳು ಹೋಗುತ್ತದೆಯೇ?" ಎಂದು ನಕ್ಕರು. ಒಣಗಿದ ಚರ್ಮ ಮೆತ್ತಗಾಗಿ ಸಣ್ಣ ಗೆರೆಗಳು ತುಸು ತುಂಬಿಕೊಳ್ಳಬಹುದು, ಆ ಕೆಲಸವನ್ನು ಮುಖಕ್ಕೆ ಹಚ್ಚುವ, ಪರಿಮಳವಿಲ್ಲದ ಮಾಯಿಶ್ಚರೈಸರೂ ಮಾಡುತ್ತದೆ, ದುಡ್ಡು ಖರ್ಚು ಮಾಡುವುದಿದ್ದರೆ ಸನ್‌ಸ್ಕ್ರೀನಿಗೆ ಮಾಡಿ ಎಂದರು. ಫೀಸು 500. ಟ್ಯೂಬಿನ 900 ಉಳಿಸಬಹುದಿತ್ತೆಂದು ತಿಳಿಯಲು 500 ಕೊಟ್ಟು ಬಂದೆ. ಯಜಮಾನರಿಗೆ ಈ ಲೆಕ್ಕ ಹೇಳಿಲ್ಲ.

ಆದರೆ ಟ್ಯೂಬು ಬಂದಾಗಿತ್ತಲ್ಲ. ಎಸೆಯುವ ಜಾತಿ ನಮ್ಮದಲ್ಲ. ಎಡಗಣ್ಣಡಿಗೆ 900 ರೂಪಾಯಿಯ ಕ್ರೀಮು, ಬಲಗಣ್ಣಡಿಗೆ ಹಳೇ ಮಾಯಿಶ್ಚರೈಸರು, 12 ವಾರ ನೋಡೋಣ ಎಂದು ನಿರ್ಧರಿಸಿದೆ. ಒಂದು ಅಕ್ಕಿಕಾಳಿನಷ್ಟು ತೆಗೆದು, ಉಂಗುರದ ಬೆರಳಿನಿಂದ, ಉಜ್ಜದೆ ತಟ್ಟಬೇಕು. ಆ ಬೆರಳಿಗೆ ಬಲ ಕಡಿಮೆ, ಅದಕ್ಕೇ ಆಯ್ಕೆ. ಸಂಸ್ಕೃತದಲ್ಲಿ ಅದು ಅನಾಮಿಕಾ, ಹೆಸರಿಲ್ಲದವಳು. ಪಾಪ, ಹೆಬ್ಬೆರಳಿಗೆ ಏಕಲವ್ಯನ ಕಥೆಯಿದೆ, ತೋರುಬೆರಳಿಗೆ ಮೇಷ್ಟರ ದರ್ಪವಿದೆ. ಇವಳಿಗೆ ಮದುವೆ ಬಿಟ್ಟರೆ ಬೇರೆ ಉದ್ಯೋಗವೇ ಇರಲಿಲ್ಲ.

ಮೊದಮೊದಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಅಮ್ಮ ಇದನ್ನೆಲ್ಲ ನೋಡಿ, ನಾನು ಕೂಸಾಗಿದ್ದಾಗ ಅಜ್ಜಿ ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಮಗುಚಿ, ಕೂತ ಮಸಿಗೆ ತುಪ್ಪ ಕಲಸಿ ಕಣ್ಣಿಗೆ ಮೆತ್ತುತ್ತಿದ್ದುದನ್ನು ನೆನೆದಳು. "ಆಗ ಕಪ್ಪು ಹಚ್ಚಿಸ್ಕೊಳ್ಳೋಕೆ ಅಳ್ತಿದ್ದೆ. ಈಗ ಇರೋ ಕಪ್ಪಿಗೆ ದುಡ್ಡು ಸುರೀತಿದೀಯ."

ಐದನೇ ವಾರ ನೆಗಡಿಯಾಗಿ ಎರಡು ದಿನ ಮರೆತೆ. ಏಳನೇ ವಾರ ನಿದ್ದೆಗಣ್ಣಲ್ಲಿ ಎಡಬಲ ಅದಲುಬದಲಾಯಿತು. ಅಳೆಯಲೆಂದು ವಾರವಾರ ನಾನೇ ಫೋನಿನಲ್ಲಿ ತೆಗೆದುಕೊಂಡ ಫೋಟೋಗಳಲ್ಲಿ ಕೆಲವು ಕನ್ನಡಿಯಂತೆ ತಿರುಗಿಯೂ ಕೆಲವು ನೆಟ್ಟಗೂ ಬಂದಿವೆ ಎಂದು ಮಗಳು ಕಂಡುಹಿಡಿದಾಗ ಹನ್ನೊಂದನೇ ವಾರ. ಕಿವಿಯ ಓಲೆಯಿಂದ ಗುರುತಿಸೋಣವೆಂದರೆ ಎರಡೂ ಕಿವಿಗೆ ಒಂದೇ ಓಲೆ. ವಿಜ್ಞಾನ ಅಲ್ಲಿಗೆ ಮುಗಿಯಿತು. ಯಜಮಾನರನ್ನು ಎದುರು ಕೂರಿಸಿ "ವ್ಯತ್ಯಾಸ ಕಾಣುತ್ತಾ?" ಎಂದೆ. ಮದುವೆಯಾಗಿ ಇಪ್ಪತ್ತಮೂರು ವರ್ಷವಾದ ಮನುಷ್ಯ, ಇಂಥ ಪ್ರಶ್ನೆಯ ಅಪಾಯ ಬಲ್ಲವರು. "ತಲೆಗೆ ಬಣ್ಣ ಹಾಕಿಸಿದೀಯಾ? ಚೆನ್ನಾಗಿದೆ" ಎಂದರು.

ಕಡೆಗೆ ತೀರ್ಪಿಗೆ ಅಮ್ಮನ ಬಳಿಗೇ ಹೋದೆ. ಕಿಟಕಿಯ ಬೆಳಕಿಗೆ ನನ್ನ ಗಲ್ಲ ಹಿಡಿದು, ಹಳೇ ಕಣ್ಣು ಮುಚ್ಚಿ ಹೊಸ ಕಣ್ಣಲ್ಲಿ ನೋಡಿದಳು. "ಎರಡು ಕಡೇನೂ ಅಷ್ಟೇ. ಥೇಟ್ ನಿಮ್ಮಪ್ಪನ ಕಣ್ಣು, ಅವರದೂ ಹೀಗೇ ಗುಳಿ ಬಿದ್ದಿತ್ತು." ಆಮೇಲೆ ಹೊಸದನ್ನು ಮುಚ್ಚಿ ಹಳೇ ಕಣ್ಣಲ್ಲಿ ನೋಡಿದಳು. ಮುಖ ಅರಳಿತು. "ಈಗ ನೋಡು, ಹದಿನೆಂಟರ ಹುಡುಗಿ!"

ಟ್ಯೂಬಿನಲ್ಲಿ ಉಳಿದದ್ದನ್ನು ಅವಳು ತನ್ನ ಒಡೆದ ಹಿಮ್ಮಡಿಗೆ ಹಚ್ಚಿ ಒಂದೇ ವಾರದಲ್ಲಿ ಮುಗಿಸಿದಳು. ಗುಣ ಕಂಡಿದೆ, ಇನ್ನೊಂದು ತರಿಸು ಅನ್ನುತ್ತಿದ್ದಾಳೆ. ಸಕ್ಕರೆ ಹತೋಟಿಗೆ ಬಂದದ್ದರಿಂದ ಬಲಗಣ್ಣಿಗೆ ಮುಂದಿನ ತಿಂಗಳ ಹದಿನಾಲ್ಕಕ್ಕೆ ತಾರೀಖು ಕೊಟ್ಟಿದ್ದಾರೆ. ಅಲ್ಲಿಯವರೆಗೆ ಊಟಕ್ಕೆ ನಾನು ಅವಳ ಬಲಗಡೆಯೇ ಕೂರುತ್ತಿದ್ದೇನೆ.