ಸ್ವಬುದ್ಧಿ ಭೇದ ನಿರೂಪಣಂ: ವೋಲ್ಫ್ಸ್‌ಬುರ್ಗ್ ಖಂಡ

ತನ್ನ ತಲೆಯಿಂದಲೇ ಯೋಚಿಸಿ ತನ್ನ ನಾಳೆಯನ್ನು ತಾನೇ ನಿಶ್ಚಯಿಸುವ ಶಕ್ತಿಗೆ ಸ್ವಬುದ್ಧಿ ಎಂದು ಹೆಸರು. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವಿದೆ. ‘ನನಗೆ ಅದಿಲ್ಲ’ ಎಂದು ಒಪ್ಪಿಕೊಳ್ಳುವ ಮನುಷ್ಯ ಯಾವ ಶಾಸ್ತ್ರಕಾರನ ಕೈಗೂ ಇದುವರೆಗೆ ಸಿಕ್ಕಿಲ್ಲ. ಎಲ್ಲರಿಗೂ ಹೊಂದುವ ಲಕ್ಷಣದಿಂದ ಯಾರನ್ನೂ ಗುರುತು ಹಿಡಿಯಲಾಗದ್ದರಿಂದ ಭೇದಗಳನ್ನು ಹೇಳಬೇಕಾಗಿದೆ.

ಇದಕ್ಕೆ ತಕ್ಕ ಕ್ಷೇತ್ರ ಜರ್ಮನಿಯ ವೋಲ್ಫ್ಸ್‌ಬುರ್ಗ್. ಮಿಕ್ಕ ಊರುಗಳು ಹೊಳೆ, ಸಂತೆ, ಗುಡಿ ನೋಡಿಕೊಂಡು ಮೆಲ್ಲಗೆ ಬೆಳೆದವು. ಇದು ಮಾತ್ರ 1938ರ ಜುಲೈ 1ರಂದು ಸರ್ಕಾರದ ಅಪ್ಪಣೆಯಿಂದ ಹುಟ್ಟಿತು. ‘ಫಾಲರ್ಸ್‌ಲೇಬೆನ್ ಬಳಿಯ ಕೆಡಿಎಫ್ ಕಾರಿನ ಪಟ್ಟಣ’ ಎಂಬ ಉದ್ದದ ಹೆಸರಿಟ್ಟವರು ನಾಜಿಗಳು; ಕೆಡಿಎಫ್ ಅವರದೇ ಸಂಘಟನೆ, ಆ ಕಾರೇ ಮುಂದೆ ಫೋಕ್ಸ್‌ವಾಗನ್ ಆಯಿತು. 1945ರ ಮೇ ತಿಂಗಳಲ್ಲಿ ಆ ಹೆಸರು ಹೇಳಿಕೊಳ್ಳುವಂತಿರಲಿಲ್ಲ. ಪಕ್ಕದ ಹಳೆಯ ಕೋಟೆಯ ಹೆಸರನ್ನು ಎತ್ತಿಕೊಂಡರು. ಅಪ್ಪಣೆಗೆ ಹುಟ್ಟಿದ ಊರಲ್ಲಿ ಸ್ವಬುದ್ಧಿಯನ್ನು ಹುಡುಕುವುದು ಸುಲಭ: ಕಂಡರೆ ಎದ್ದು ಕಾಣುತ್ತದೆ.

ಮೊದಲನೆಯದು ಕಂತುಬುದ್ಧಿ. ನಾಳೆಯನ್ನು ವಾರವಾರವೂ ಕಂತಿನಲ್ಲಿ ಇನ್ನೊಬ್ಬರ ಕೈಗೆ ಒಪ್ಪಿಸಿ, ನಾನೇ ಅದನ್ನು ಕಟ್ಟುತ್ತಿದ್ದೇನೆ ಎಂದು ನಂಬುವುದು ಇದರ ಗುರುತು. ಆ ಕೆಡಿಎಫ್ ಕಾರಿಗಾಗಿ ವಾರಕ್ಕೆ 5 ರೈಶ್‌ಮಾರ್ಕ್ ಕೊಟ್ಟು ಸ್ಟಾಂಪು ಕೊಳ್ಳಬೇಕು, ಪುಸ್ತಕಕ್ಕೆ ಅಂಟಿಸಬೇಕು, 990 ತುಂಬಿದರೆ ಕಾರು. ನಾಲ್ಕು ವರ್ಷಕ್ಕೆ ಸ್ವಲ್ಪ ಕಡಿಮೆಯ ಅಂಟಿಸಾಟ. ನಮ್ಮ ಬೀದಿಯ ಚೀಟಿ ವ್ಯವಹಾರದಂತೆ ಕಂಡರೂ ಚೀಟಿಯಲ್ಲಿ ಕೂಗಲು ಬಾಯಾದರೂ ಇರುತ್ತದೆ, ಮುಳುಗಿದರೆ ಹೋಗಿ ಕಾಲರ್ ಹಿಡಿಯಲು ಒಬ್ಬ ಮನುಷ್ಯನಾದರೂ ಇರುತ್ತಾನೆ. ಇಲ್ಲಿ ಬಡ್ಡಿಯಿಲ್ಲ, ನಡುವೆ ಬಿಟ್ಟರೆ ದುಡ್ಡು ವಾಪಸಿಲ್ಲ. ಸುಮಾರು 3,36,000 ಜನ ಸೇರಿದರು. ಅವರಲ್ಲಿ ಒಬ್ಬರ ಮನೆಯ ಮುಂದೂ ಆ ಕಾರು ಬಂದು ನಿಲ್ಲಲಿಲ್ಲ. ಯುದ್ಧ ಬಂತು, ಕಾರ್ಖಾನೆ ಸೈನ್ಯದ ವಾಹನ ಮಾಡಿತು, ಅದೂ ಹಿಡಿದು ತಂದ ಸುಮಾರು 20,000 ಜನರ ಜೀತದ ದುಡಿಮೆಯಿಂದ. ಆ ಜನರ ನಾಳೆಯ ಬಗ್ಗೆ ಯಾವ ಪುಸ್ತಕದಲ್ಲೂ ಸ್ಟಾಂಪು ಅಂಟಿಸಿರಲಿಲ್ಲ. ಅವರನ್ನು ಈ ವರ್ಗೀಕರಣದೊಳಗೆ ತರುವ ಧೈರ್ಯ ನನಗಿಲ್ಲ.

ಕಂತುಬುದ್ಧಿಗೆ ಒಂದು ಉಪಭೇದವಿದೆ, ದಾವೆಬುದ್ಧಿ. ಯುದ್ಧ ಮುಗಿದ ಮೇಲೆ ಸ್ಟಾಂಪಿನವರು ಫೋಕ್ಸ್‌ವಾಗನ್ ಕಂಪನಿಯ ಮೇಲೆ ಕೋರ್ಟಿಗೆ ಹೋದರು. 1961ರಲ್ಲಿ ರಾಜಿಯಾಯಿತು: ಪೂರ್ತಿ ಕಟ್ಟಿದವರಿಗೆ ಹೊಸ ಕಾರಿನ ಮೇಲೆ 600 ಮಾರ್ಕ್ ರಿಯಾಯಿತಿ, ಇಲ್ಲವೇ ಕೈಗೆ 100 ಮಾರ್ಕ್. ಅಂಟಿಸುವಾಗ ಕೇಳದ ಪ್ರಶ್ನೆಯನ್ನು ಇವರು ವಕೀಲರ ಬಾಯಲ್ಲಿ ಕೇಳಿಸಿದರು. ತಡವಾಗಿ ಬಂದ ಬುದ್ಧಿಯೂ ಬುದ್ಧಿಯೇ ಎಂದು ನನ್ನ ಮತ. ರಿಯಾಯಿತಿ ಹಿಡಿದು ಮತ್ತೆ ಅದೇ ಕಂಪನಿಯ ಕಾರು ಕೊಂಡವರ ವಿಷಯದಲ್ಲಿ ಮಾತ್ರ ಸಂಶಯವಿದೆ.

ಎರಡನೆಯದು ಪಿತ್ರಾರ್ಜಿತಬುದ್ಧಿ. ಅಜ್ಜ ಪ್ರೆಸ್ ಶಾಪು, ಅಪ್ಪ ಪೇಂಟ್ ಶಾಪು, ಮಗ ಅಪ್ರೆಂಟಿಸ್. ನಮ್ಮ ಭದ್ರಾವತಿ, ಕೋಲಾರದ ಚಿನ್ನದ ಗಣಿ ಬಲ್ಲವರಿಗೆ ಇದರ ವಿವರಣೆ ಬೇಡ.

ಮೂರನೆಯದು ಅವಧಿಬುದ್ಧಿ. 1962ರಿಂದ ಇಟಲಿಯ ಕೆಲಸಗಾರರು ಇಲ್ಲಿಗೆ ಬಂದರು, ಕಾರ್ಖಾನೆಯ ಬಳಿ ಮರದ ಶೆಡ್ಡುಗಳಲ್ಲಿ ಇಳಿದರು; ನಾಲ್ಕು ಕಾಸು ಮಾಡಿಕೊಂಡು ಹಿಂತಿರುಗುವುದು ಲೆಕ್ಕ. ಎಷ್ಟೋ ಜನರ ಮೊಮ್ಮಕ್ಕಳು ಈಗ ಇಲ್ಲಿಯವರೇ. ಇದರ ಕನ್ನಡ ಶಾಖೆ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಇಳಿಯುತ್ತದೆ. ‘ಎರಡೇ ವರ್ಷ ಅಮ್ಮಾ’ ಎನ್ನುವುದು ಇದರ ಮೂಲಮಂತ್ರ. ‘ಮಗುವಿನ ಸ್ಕೂಲು ಒಂದು ಹಂತಕ್ಕೆ ಬರಲಿ’ ಎನ್ನುವುದು ಪಾಠಾಂತರ. ಶಂಕೆ: ಇರಬೇಕೋ ಹೋಗಬೇಕೋ ಎಂದು ನಿಶ್ಚಯಿಸುವವರು ಇವರೇ ತಾನೆ? ಸಮಾಧಾನ: ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯವರಿಗೆ ಜರ್ಮನ್ ಭಾಷೆ ಬಿ1 ಮಟ್ಟದಲ್ಲಿದ್ದರೆ 21 ತಿಂಗಳಿಗೆ ಕಾಯಂ ಪರವಾನಗಿ, ಎ1 ಆದರೆ 27 ತಿಂಗಳಿಗೆ. ಕೂಡಿ ಕಳೆಯುವ ಕೆಲಸ ಆ ನಿಯಮ ಮಾಡುತ್ತದೆ, ಇವರು ವ್ಯಾಕರಣ ಕಲಿಯುತ್ತಾರೆ.

ನಾಲ್ಕನೆಯದು ಯಂತ್ರಬುದ್ಧಿ. ಇದನ್ನು ಶಾಸ್ತ್ರಕ್ಕೆ ಸೇರಿಸಿದ್ದು 2015ರ ಸೆಪ್ಟೆಂಬರ್ 18ರಂದು, ಅಮೆರಿಕದ ಪರಿಸರ ಸಂಸ್ಥೆ. ಕಂಪನಿಯ ಡೀಸೆಲ್ ಕಾರಿನೊಳಗಿನ ತಂತ್ರಾಂಶವು ಚಕ್ರ ತಿರುಗುತ್ತಿದ್ದರೂ ಸ್ಟೀರಿಂಗ್ ಅಲುಗದಿರುವುದನ್ನು ನೋಡಿ, ಇದು ರಸ್ತೆಯಲ್ಲ, ಪರೀಕ್ಷೆ ಎಂದು ತಾನೇ ಗ್ರಹಿಸಿ, ಹೊಗೆಯನ್ನು ಶುದ್ಧ ಮಾಡುತ್ತಿತ್ತು. ರಸ್ತೆಗಿಳಿದ ಮೇಲೆ ಆ ಶ್ರಮ ಬಿಡುತ್ತಿತ್ತು. ಸುತ್ತಲಿನ ಸಂದರ್ಭ ಅರಿಯುವುದು, ಪರೀಕ್ಷಕನ ಮನಸ್ಸನ್ನು ಓದುವುದು, ಯಾರೂ ನೋಡದಾಗ ತನ್ನಿಷ್ಟದಂತೆ ನಡೆಯುವುದು: ಸ್ವಬುದ್ಧಿಯ ಎಲ್ಲ ಗುಣಗಳೂ ಜಗತ್ತಿನ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿದ್ದವು. ಅವುಗಳ ಸುತ್ತಲಿದ್ದ ಮನುಷ್ಯರ ವಾದ ಮಾತ್ರ, ತಮಗೆ ಗೊತ್ತಿರಲಿಲ್ಲ ಅಥವಾ ಮೇಲಿನಿಂದ ಹೇಳಿದ್ದನ್ನು ಮಾಡಿದೆವು ಎಂಬುದಾಗಿತ್ತು.

ಐದನೆಯದಾದ ಸಂಘಬುದ್ಧಿಯ ಬಗ್ಗೆ ಪಂಡಿತರಲ್ಲಿ ಜಗಳವಿದೆ. ಸಾವಿರಾರು ಜನ ಕೂಡಿ ಯೋಚಿಸಿದ್ದು ಒಬ್ಬನ ಸ್ವಂತದ್ದಾಗುತ್ತದೆಯೆ? 1993ರ ಕೊನೆಯಲ್ಲಿ ಕಾರ್ಮಿಕ ಸಂಘ ವಾರಕ್ಕೆ 28.8 ಗಂಟೆಯ ದುಡಿಮೆ ಒಪ್ಪಿ, ಸಂಬಳ ಕಡಿಮೆ ಮಾಡಿಕೊಂಡು, ಸುಮಾರು 30,000 ಕೆಲಸ ಉಳಿಸಿತು. 2024ರ ಡಿಸೆಂಬರಿನಲ್ಲಿ ಕಾರ್ಖಾನೆ ಮುಚ್ಚುವುದನ್ನು ತಪ್ಪಿಸಿ, 2030ರೊಳಗೆ 35,000ಕ್ಕೂ ಹೆಚ್ಚು ಕೆಲಸ ಕಡಿಮೆಯಾಗುವುದಕ್ಕೆ ಒಪ್ಪಿತು. ಒಬ್ಬೊಬ್ಬನೂ ತನ್ನ ಪಾಡಿಗೆ ಯೋಚಿಸಿದ್ದರೆ ಇಷ್ಟೂ ದಕ್ಕುತ್ತಿರಲಿಲ್ಲ. ಪಿತ್ರಾರ್ಜಿತಬುದ್ಧಿಯವರೇ ಇಲ್ಲಿ ಬಂದು ಕೂತು ನಾಳೆಗೆ ಬೆಲೆ ಕಟ್ಟುತ್ತಾರೆಂಬುದನ್ನು ಪಂಡಿತರು ಗಮನಿಸಿದಂತಿಲ್ಲ. (ಕಂಪನಿ ತಾನೇ ತಯಾರಿಸುವ, 199 398 500 ಎ ಎಂಬ ಬಿಡಿಭಾಗ ಸಂಖ್ಯೆಯಿರುವ ಸಾಸೇಜನ್ನು 2021ರಲ್ಲಿ ಒಂದು ಕ್ಯಾಂಟೀನಿನಿಂದ ತೆಗೆದಾಗ ಮಾಜಿ ಚಾನ್ಸಲರ್ ಶ್ರೋಡರ್ ಸಿಡಿದೆದ್ದರು. ಅದು ಜಿಹ್ವಾಬುದ್ಧಿ, ಬೇರೆ ಗ್ರಂಥದ ವಿಷಯ.)

ಉಳಿದದ್ದು ಶುದ್ಧಬುದ್ಧಿ. ಮಾದರಿಗಳು ವಿರಳ. 1945ರಲ್ಲಿ 29 ವರ್ಷದ ಬ್ರಿಟಿಷ್ ಮೇಜರ್ ಐವನ್ ಹರ್ಸ್ಟ್‌ಗೆ, ಹೋಗಿ ಈ ಪಾಳು ಕಾರ್ಖಾನೆ ನೋಡಿಕೋ ಎಂಬ ಅಸ್ಪಷ್ಟ ಹುಕುಂ ಸಿಕ್ಕಿತು. ಕಿತ್ತು ಸಾಗಿಸಬಹುದಾಗಿದ್ದ ಯಂತ್ರಗಳ ನಡುವೆ ಅವನು ಒಂದು ಕಾರಿಗೆ ಸೈನ್ಯದ ಬಣ್ಣ ಬಳಿಸಿ ಮೇಲಧಿಕಾರಿಗಳಿಗೆ ತೋರಿಸಿ, 20,000 ಕಾರಿನ ಆರ್ಡರು ತರಿಸಿದ. ಊರು ಉಳಿಯಿತು. ಹುಕುಂ ಅಸ್ಪಷ್ಟವಾಗಿರುವುದು ಸ್ವಬುದ್ಧಿಗೆ ಎಷ್ಟು ಒಳ್ಳೆಯದೆಂದು ಆಡಳಿತಶಾಸ್ತ್ರದವರು ಬರೆದಿಟ್ಟುಕೊಳ್ಳಬೇಕು.

ಇನ್ನೊಬ್ಬ, ಈ ಊರಿಗಿಂತ ಹಳಬ: 1798ರಲ್ಲಿ ಫಾಲರ್ಸ್‌ಲೇಬೆನ್‌ನಲ್ಲಿ ಹುಟ್ಟಿದ ಕವಿ ಹಾಫ್‌ಮನ್. ಜರ್ಮನಿಯ ರಾಷ್ಟ್ರಗೀತೆ ಅವನದೇ. ‘ರಾಜಕೀಯವಲ್ಲದ ಹಾಡುಗಳು’ ಎಂಬ ಹೆಸರಿನಲ್ಲಿ ರಾಜಕೀಯವನ್ನೇ ಹಾಡಿ, 1842ರಲ್ಲಿ ಪ್ರಶ್ಯದ ಸರ್ಕಾರದಿಂದ ಪ್ರೊಫೆಸರ್ ಕೆಲಸ ಕಳೆದುಕೊಂಡು, ಊರಿಂದೂರಿಗೆ ಗಡೀಪಾರಾಗಿ ಅಲೆದ. ಅವನ ಹುಟ್ಟೂರನ್ನು 1972ರಲ್ಲಿ ವೋಲ್ಫ್ಸ್‌ಬುರ್ಗಿಗೆ ಸೇರಿಸಿಕೊಂಡರು. ಆದ್ದರಿಂದ ಮಾದರಿ ಈ ಖಂಡಕ್ಕೆ ಸಲ್ಲುತ್ತದೆ. 1860ರಲ್ಲಿ ಅವನಿಗೆ ಕೊನೆಗೂ ಸ್ಥಿರವಾದ ಕೆಲಸ ಸಿಕ್ಕಿತು: ಕೊರ್ವೈ ಎಂಬಲ್ಲಿ ಒಬ್ಬ ಡ್ಯೂಕನ ಗ್ರಂಥಾಲಯದ ಪುಸ್ತಕಗಳನ್ನು ನೋಡಿಕೊಳ್ಳುವುದು. ಸಾಯುವವರೆಗೂ ಅಲ್ಲೇ ಇದ್ದ.