ಕಾಫಿ ತೋಟದ ಇಂಗು

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಎನ್ನುತ್ತಾರೆ. ಕೊಡಗಿನ ತೋಟದ ಇಂಗ್ಲಿಷಿಗೂ ಇದೇ ಮಾತು. ಕ್ರಿಯಾಪದ ಯಾವುದಾದರೂ ಸರಿ, ಕೊನೆಗೊಂದು ‘ಇಂಗ್’ ಬಿದ್ದರೆ ಕೆಲಸಕ್ಕೆ ಹೆಸರು ಸಿದ್ಧ: ವೀಡಿಂಗ್, ಪ್ರೂನಿಂಗ್, ಹ್ಯಾಂಡ್ಲಿಂಗ್, ಪಿಕಿಂಗ್, ಪಲ್ಪಿಂಗ್, ಕ್ಯೂರಿಂಗ್. ತೋಟದ ರೈಟರು ಇವನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಇಂಗ್ಲಿಷ್ ಮೇಷ್ಟ್ರು ಮಾತ್ರ ಅಲ್ಲೇ ತಡೆದು ಕೇಳುತ್ತಾರೆ: ಇದು ಜೆರಂಡೋ, ನಾಮಪದವೋ?

ಹುಡುಗರ ತಲೆ ತಿನ್ನಲೆಂದೇ ಹುಟ್ಟಿದ ಪ್ರಶ್ನೆ. ಉತ್ತರ ಮಾತ್ರ ಗಿಡದ ಬುಡದಲ್ಲೇ ಇದೆ. ‘ಪಿಕಿಂಗ್ ಕಾಫಿ ಕ್ವಿಕ್ಲಿ’ ಎಂದಾಗ ಪಿಕಿಂಗ್ ಜೆರಂಡ್. ನಾಮಪದದ ಜಾಗದಲ್ಲಿ ಕೂತರೂ ಅದರೊಳಗಿನ ಕ್ರಿಯಾಪದ ಸತ್ತಿಲ್ಲ. ಕಾಫಿಗೆ ನೇರವಾಗಿ ಕೈ ಹಾಕುತ್ತದೆ, ಜೊತೆಗೆ ಕ್ರಿಯಾವಿಶೇಷಣವನ್ನೂ ಇಟ್ಟುಕೊಳ್ಳುತ್ತದೆ. ‘ದ ಕ್ವಿಕ್ ಪಿಕಿಂಗ್ ಆಫ್ ಕಾಫಿ’ ಎನ್ನಿ, ಆಟವೇ ಬದಲು. ಮೊದಲು ‘ದ’, ಆಮೇಲೆ ಗುಣವಾಚಕ. ಕಾಫಿ ಮುಟ್ಟಬೇಕಾದರೆ ‘ಆಫ್’ ಎಂಬ ದಲ್ಲಾಳಿ ನಡುವೆ ಬರಲೇಬೇಕು. ಇದು ನಾಮಪದ.

ಗ್ಲೀನಿಂಗ್ ಇನ್ನೂ ಸ್ವಾರಸ್ಯದ್ದು. ಕೊಯ್ಲಾದ ಮೇಲೆ ನೆಲಕ್ಕೆ ಉದುರಿದ ಹಣ್ಣು ಹೆಕ್ಕುವ ಕೆಲಸವಿದು. ಬಿಟ್ಟರೆ ಕಾಯಿಕೊರಕ ಅಲ್ಲೇ ಸಂಸಾರ ಹೂಡುತ್ತದೆ. ಹೆಕ್ಕಿದ ಹಣ್ಣಿನ ರಾಶಿಯೋ, ‘ಗ್ಲೀನಿಂಗ್ಸ್’. ಬಹುವಚನ ಬಂದ ಕ್ಷಣ ಜೆರಂಡಿನ ರಾಜೀನಾಮೆ! ಈಗ ಅದನ್ನು ಚೀಲಕ್ಕೆ ತುಂಬಿ ತೂಕ ಹಾಕಬಹುದು.

ಕನ್ನಡದ ಶಾಲಾ ವ್ಯಾಕರಣ ಇಷ್ಟು ಜಗಳಕ್ಕೆ ಇಳಿಯುವುದಿಲ್ಲ. ‘ನೋಡುವುದು’, ‘ನೋಟ’ ಎರಡೂ ಅದಕ್ಕೆ ಕೃದಂತ ಭಾವನಾಮಗಳೇ. ನಾಲಿಗೆ ಅಷ್ಟು ಉದಾರಿಯಲ್ಲ: ‘ಕಾಫಿಯನ್ನು ಬೇಗ ಕೊಯ್ಯುವುದು’ ಎಂದರೆ ಸುಮ್ಮನಿರುತ್ತದೆ, ‘ಕಾಫಿಯನ್ನು ಬೇಗ ಕೊಯ್ಲು’ ಎಂದರೆ ತೊಡರುತ್ತದೆ.

ಕ್ಯಾಪ್ಟನ್ ಆರ್.ಎ. ಕೋಲ್ 1867ರಲ್ಲೇ ಕೊಡವ ತಕ್ಕ್‌ಗೆ ಇಂಗ್ಲಿಷಿನಲ್ಲೊಂದು ವ್ಯಾಕರಣ ಬರೆದುಕೊಟ್ಟ. ಕೊಡಗಿನ ಇಂಗ್ಲಿಷಿಗೊಂದು ವ್ಯಾಕರಣ ಬರೆದು ಆ ಸಾಲ ತೀರಿಸುವುದು ನ್ಯಾಯ. ಅದರಲ್ಲಿ ‘ಬ್ಯಾಕಿಂಗ್ ಶವರ್’ಗೇ ಒಂದು ಅಧ್ಯಾಯ ಬೇಕಾದೀತು. ಫೆಬ್ರವರಿ–ಮಾರ್ಚಿನ ಬ್ಲಾಸಮ್ ಶವರ್ ಹೂವರಳಿಸಿ ಹೋದ ಕೆಲವು ವಾರಕ್ಕೆ, ಕಾಯಿ ಕಚ್ಚಲೆಂದು ಬೆನ್ನಿಗೆ ಬರುವ ಮಳೆ ಇದು. ‘ಪಿಕಿಂಗ್ ಸೀಸನ್’ನಲ್ಲಿ ಸೀಸನ್ನೇನೂ ಹಣ್ಣು ಕೊಯ್ಯುವುದಿಲ್ಲ, ಇಲ್ಲಿ ಬೆಂಬಲ ಕೊಡುವುದು ಸಾಕ್ಷಾತ್ ಮಳೆಯೇ. ಹಾಗಾಗಿ ಈ ಬ್ಯಾಕಿಂಗ್ ಜೆರಂಡೂ ಅಲ್ಲ, ನಾಮಪದವೂ ಅಲ್ಲ, ಪಾರ್ಟಿಸಿಪಲ್ ಎಂದು ಮೇಷ್ಟ್ರು ಬೋರ್ಡು ತುಂಬ ಬರೆಯುವ ಹೊತ್ತಿಗೆ ಬೆಳೆಗಾರರು ಪಕ್ಕದ ತೋಟಕ್ಕೆ ಫೋನ್ ಹಚ್ಚಿರುತ್ತಾರೆ: “ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು?”